ದಿ ಲಾಸ್ಟ್ ಎನಿಮಿ

ದಿ ಲಾಸ್ಟ್ ಎನಿಮಿ ಎಂಬುದು ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್‌ನ ಯುದ್ಧವಿಮಾನ ಚಾಲಕನಾಗಿದ್ದ ರಿಚರ್ಡ್ ಹಿಲರಿ (20 ಏಪ್ರಿಲ್ 1919 – 8 ಜನವರಿ 1943) ಬರೆದ ಆತ್ಮಕಥನಾತ್ಮಕ ಕೃತಿ. 1940ರ ಬ್ರಿಟನ್ ಕಾಳಗದಲ್ಲಿ ಸ್ಪಿಟ್‌ಫೈರ್ ವಿಮಾನ ನಡೆಸಿದ ಅನುಭವ, ವಿಮಾನಕ್ಕೆ ಬೆಂಕಿ ಬಿದ್ದು ಮುಖ ಮತ್ತು ಕೈಗಳು ಸುಟ್ಟುಹೋದ ಸಂದರ್ಭ, ಅನಂತರದ ದೀರ್ಘ ಶಸ್ತ್ರಚಿಕಿತ್ಸೆ ಇದರ ವಸ್ತು. 1942ರಲ್ಲಿ ಮೊದಲು ಅಮೆರಿಕದಲ್ಲಿ ಫಾಲಿಂಗ್ ಥ್ರೂ ಸ್ಪೇಸ್ ಎಂಬ ಹೆಸರಿನಲ್ಲೂ ಬಳಿಕ ಬ್ರಿಟನ್ನಿನಲ್ಲಿ ಈಗಿನ ಹೆಸರಿನಲ್ಲೂ ಪ್ರಕಟವಾಯಿತು. ಯುದ್ಧ ನಡೆಯುತ್ತಿದ್ದಾಗಲೇ, ಅದರಲ್ಲಿ ಕಾದಾಡಿದವನೇ ಬರೆದ ನೆನಪುಗಳಲ್ಲಿ ಇದು ಪ್ರಮುಖವೆಂದು ಪರಿಗಣಿಸಲ್ಪಟ್ಟಿದೆ. ಶೀರ್ಷಿಕೆಯನ್ನು ಬೈಬಲ್ಲಿನ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಿಂದ ಆರಿಸಿಕೊಳ್ಳಲಾಗಿದೆ. ಅಲ್ಲಿ ಕೊನೆಯ ಶತ್ರು ಎಂದರೆ ಮರಣ.

ಹಿನ್ನೆಲೆ

ಹಿಲರಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಜನಿಸಿದನು. ತಂದೆಗೆ ಲಂಡನ್ನಿನಲ್ಲಿ ಸರ್ಕಾರಿ ಹುದ್ದೆ ದೊರೆತದ್ದರಿಂದ ಬಾಲ್ಯದಲ್ಲಿಯೇ ಇಂಗ್ಲೆಂಡಿಗೆ ಬಂದನು. ಶ್ರೂಸ್‌ಬರಿ ಶಾಲೆಯಲ್ಲಿ ಕಲಿತು ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜನ್ನು ಸೇರಿದನು. ಅಲ್ಲಿ ಹುಟ್ಟುಹಾಕುವ ಕ್ರೀಡೆಯಲ್ಲಿ ಹೆಸರು ಗಳಿಸಿದನು. 1938ರಲ್ಲಿ ಗೆಳೆಯರ ತಂಡದೊಂದಿಗೆ ಜರ್ಮನಿಗೆ ಹೋಗಿ, ಬಾಡ್ ಎಮ್ಸ್ ಎಂಬಲ್ಲಿ ಹರ್ಮನ್ ಗೋರಿಂಗ್‌ನ ಹೆಸರಿನ ದೋಣಿಸ್ಪರ್ಧೆಯಲ್ಲಿ ಗೆದ್ದ ಪ್ರಸಂಗ ಕೃತಿಯಲ್ಲಿದೆ. ಎರಡು ವರ್ಷಗಳ ನಂತರ ಅದೇ ಗೋರಿಂಗ್‌ನ ವಾಯುಪಡೆಯ ವಿರುದ್ಧ ಅವನು ಹೋರಾಡಬೇಕಾಯಿತು.

ವಿಶ್ವವಿದ್ಯಾಲಯದ ವಾಯುದಳದಲ್ಲಿ ಹಾರಾಟ ಕಲಿತಿದ್ದ ಹಿಲರಿಯನ್ನು ಯುದ್ಧ ಆರಂಭವಾದ ಮೇಲೆ 1939ರ ಅಕ್ಟೋಬರಿನಲ್ಲಿ ಸೇವೆಗೆ ಕರೆಯಲಾಯಿತು. ದೇಶಭಕ್ತಿಯ ದೊಡ್ಡ ಮಾತುಗಳಲ್ಲಿ ತನಗೆ ನಂಬಿಕೆ ಇರಲಿಲ್ಲವೆಂದು ಅವನು ಹೇಳಿಕೊಳ್ಳುತ್ತಾನೆ. ಒಬ್ಬನೇ ಕುಳಿತು, ತನ್ನ ಕೌಶಲವನ್ನೇ ನಂಬಿ, ಎದುರಾಳಿಯನ್ನು ಸರಿಸಮನಾಗಿ ಎದುರಿಸುವ ಅವಕಾಶವೇ ಅವನನ್ನು ಯುದ್ಧವಿಮಾನದ ಕಡೆಗೆ ಸೆಳೆದದ್ದು.

ಕಾಳಗದ ನೆನಪುಗಳು

1940ರ ಜುಲೈಯಲ್ಲಿ ಹಿಲರಿ 603ನೆಯ ಸ್ಕ್ವಾಡ್ರನ್ ಸೇರಿದನು. ಆಗ ಅದು ಸ್ಕಾಟ್ಲೆಂಡಿನಲ್ಲಿತ್ತು. ಆಗಸ್ಟ್ ಕೊನೆಯ ವಾರದಲ್ಲಿ ದಳವನ್ನು ಲಂಡನ್ ಸಮೀಪದ ಹಾರ್ನ್‌ಚರ್ಚ್ ನೆಲೆಗೆ ಕಳುಹಿಸಲಾಯಿತು. ಬ್ರಿಟನ್ ಕಾಳಗದಲ್ಲಿ ಬ್ರಿಟನ್ನಿನ ಪರವಾಗಿ ಹಾರಿದ ಸುಮಾರು 3,000 ವೈಮಾನಿಕರಲ್ಲಿ 544 ಮಂದಿ ಆ ಅವಧಿಯಲ್ಲಿಯೇ ಮಡಿದರು. ಬೆಳಿಗ್ಗೆ ಜೊತೆಯಲ್ಲಿ ಉಪಾಹಾರ ಮಾಡಿದವನು ಸಂಜೆಯ ವೇಳೆಗೆ ಇಲ್ಲವಾಗುವುದು, ಉಳಿದವರು ಅವನ ಮಾತನ್ನೇ ಎತ್ತದೆ ಮರುದಿನದ ಹಾರಾಟಕ್ಕೆ ಸಿದ್ಧರಾಗುವುದು ನಿತ್ಯದ ಸಂಗತಿಯಾಗಿತ್ತು. ಕೃತಿಯ ಈ ಭಾಗದಲ್ಲಿ ಸಾವುಗಳು ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತವೆ.

ಅವನು ನಡೆಸುತ್ತಿದ್ದ ಸ್ಪಿಟ್‌ಫೈರ್‌ನ ರೆಕ್ಕೆಗಳಲ್ಲಿ ಎಂಟು ಬ್ರೌನಿಂಗ್ ಮೆಷಿನ್ ಗನ್‌ಗಳಿದ್ದವು. ಅವುಗಳಲ್ಲಿನ ಗುಂಡುಗಳು ಹೆಚ್ಚೆಂದರೆ ಹದಿನೈದು ಸೆಕೆಂಡುಗಳ ನಿರಂತರ ದಾಳಿಗೆ ಸಾಲುತ್ತಿದ್ದವು. ಆದುದರಿಂದ ವೈಮಾನಿಕನು ಶತ್ರುವಿನ ಹತ್ತಿರಕ್ಕೆ ಹೋಗಿ, ಎರಡು ಮೂರು ಸೆಕೆಂಡು ಗುಂಡು ಹಾರಿಸಿ, ಕೂಡಲೇ ಪಕ್ಕಕ್ಕೆ ಹೊರಳಬೇಕಾಗಿತ್ತು. ಒಂದೇ ಗುರಿಯನ್ನು ಹೆಚ್ಚು ಹೊತ್ತು ಹಿಂಬಾಲಿಸಿದವನ ಬೆನ್ನಿಗೆ ಮತ್ತೊಬ್ಬ ಶತ್ರು ಬರುವುದು ಬಹುಮಟ್ಟಿಗೆ ಖಚಿತವಾಗಿತ್ತು.

ಮೊದಲ ಬಾರಿಗೆ ಶತ್ರುವಿಮಾನವನ್ನು ಉರುಳಿಸಿದಾಗ ತನ್ನಲ್ಲಿ ದ್ವೇಷವಾಗಲಿ ಪಶ್ಚಾತ್ತಾಪವಾಗಲಿ ಇರಲಿಲ್ಲ, ಕೆಲಸವೊಂದನ್ನು ಸರಿಯಾಗಿ ಮುಗಿಸಿದ ತೃಪ್ತಿ ಮಾತ್ರವಿತ್ತು ಎಂದು ಹಿಲರಿ ನೆನೆಯುತ್ತಾನೆ. ಸತ್ತವನ ಜಾಗದಲ್ಲಿ ತಾನೂ ಇರಬಹುದಾಗಿತ್ತು ಎಂಬ ಅರಿವೂ ಅದರೊಂದಿಗೆ ಬರುತ್ತದೆ. ಹಾರ್ನ್‌ಚರ್ಚ್‌ನಲ್ಲಿ ಕಳೆದ ಸುಮಾರು ಒಂದು ವಾರದಲ್ಲಿ ಅವನ ಲೆಕ್ಕಕ್ಕೆ ಐದು ಮೆಸ್ಸರ್‌ಶ್ಮಿಟ್ 109 ವಿಮಾನಗಳು ಸೇರಿದವು.

1940ರ ಸೆಪ್ಟೆಂಬರ್ 3

ಕೃತಿ ಆರಂಭವಾಗುವುದು ಈ ದಿನದ ವರ್ಣನೆಯಿಂದ. ಅಂದು ಬೆಳಿಗ್ಗೆ ಹಿಲರಿಯ ವಿಮಾನಕ್ಕೆ ಹೊಸದಾಗಿ ಕೂಡಿಸಿದ್ದ ಗಾಜಿನ ಮುಚ್ಚಳ ಸರಾಗವಾಗಿ ಜಾರುತ್ತಿರಲಿಲ್ಲ. ಸಿಬ್ಬಂದಿ ಅದನ್ನು ಅರದಿಂದ ಉಜ್ಜಿ ಎಣ್ಣೆ ಹಾಕುತ್ತಿದ್ದಾಗಲೇ ಹೊರಡುವ ಆದೇಶ ಬಂದಿತು. ಕೆಲಸ ಅರ್ಧಕ್ಕೇ ನಿಂತಿತು.

ಆಕಾಶದಲ್ಲಿ ಅವನು ಒಂದು ಮೆಸ್ಸರ್‌ಶ್ಮಿಟ್‌ಗೆ ಗುಂಡು ಹೊಡೆದನು. ಅದು ಬೀಳಲಿಲ್ಲವೆಂದು ಅಲ್ಲಿಯೇ ಉಳಿದು ಮತ್ತೊಮ್ಮೆ ಹೊಡೆದನು. ಶತ್ರುವಿಮಾನ ಉರಿಯುತ್ತಾ ಕೆಳಗಿಳಿಯುವಷ್ಟರಲ್ಲಿ ಅವನ ವಿಮಾನಕ್ಕೂ ಹಿಂದಿನಿಂದ ಏಟು ಬಿದ್ದಿತು. ಸ್ಪಿಟ್‌ಫೈರ್‌ನಲ್ಲಿ ಇಂಧನದ ತೊಟ್ಟಿ ವೈಮಾನಿಕನ ಮುಂಭಾಗದಲ್ಲಿಯೇ ಇದ್ದುದರಿಂದ ಕ್ಷಣಮಾತ್ರದಲ್ಲಿ ಕಾಕ್‌ಪಿಟ್ ಬೆಂಕಿಯ ಕುಲುಮೆಯಾಯಿತು. ಮುಚ್ಚಳ ತೆರೆಯಲಿಲ್ಲ. ಹಿಲರಿಗೆ ಕೈಗವಸು ತೊಡುವ ಅಭ್ಯಾಸವಿರಲಿಲ್ಲ. ಸ್ಪಷ್ಟವಾಗಿ ಕಾಣಲೆಂದು ಕನ್ನಡಕವನ್ನೂ ಹಣೆಯ ಮೇಲೇರಿಸಿಕೊಂಡಿದ್ದನು. ಬರಿಗೈಯಲ್ಲಿ ಮುಚ್ಚಳವನ್ನು ಎಳೆಯುತ್ತಾ ಪ್ರಜ್ಞೆ ತಪ್ಪಿದ ಅವನು ಉರುಳುತ್ತಿದ್ದ ವಿಮಾನದಿಂದ ಹೊರಗೆಸೆಯಲ್ಪಟ್ಟನು. ಮರಳಿ ಎಚ್ಚರವಾದಾಗ ಪ್ಯಾರಾಚೂಟ್ ಬಿಚ್ಚಿಕೊಂಡು ಸಮುದ್ರಕ್ಕಿಳಿದನು.

ಅಲೆಗಳ ನಡುವೆ ಒಂಟಿಯಾಗಿ, ಕಣ್ಣು ಮಂಜಾಗುತ್ತಾ ಬಂದಾಗ, ಬದುಕುವ ಆಸೆ ಬಿಟ್ಟು ತೇಲುಜಾಕೆಟ್ಟಿನ ಗಾಳಿಯನ್ನು ತೆಗೆದುಬಿಟ್ಟನು. ಆದರೆ ಪ್ಯಾರಾಚೂಟಿನ ಹಗ್ಗಗಳು ಸುತ್ತಿಕೊಂಡಿದ್ದರಿಂದ ಮುಳುಗಲಾಗಲಿಲ್ಲ. ಸುಟ್ಟ ಬೆರಳುಗಳಿಂದ ಅವುಗಳನ್ನು ಬಿಡಿಸಿಕೊಳ್ಳಲೂ ಆಗಲಿಲ್ಲ. ಸಾಯುವ ಪ್ರಯತ್ನವೂ ಕೈಗೂಡದಾಗ ನಗು ಬಂದಿತೆಂದು ಅವನು ಬರೆಯುತ್ತಾನೆ. ಕೆಲವು ಗಂಟೆಗಳ ಬಳಿಕ ಮಾರ್ಗೇಟ್‌ನ ರಕ್ಷಣಾ ದೋಣಿ ಅವನನ್ನು ಎತ್ತಿಕೊಂಡಿತು.

ಚಿಕಿತ್ಸೆ

ಆ ಕಾಲದ ಪದ್ಧತಿಯಂತೆ ಸುಟ್ಟ ಗಾಯಗಳಿಗೆ ಟ್ಯಾನಿಕ್ ಆಮ್ಲ ಬಳಿಯಲಾಯಿತು. ಅದು ಗಾಯದ ಮೇಲೆ ಗಟ್ಟಿ ಪೊರೆ ಕಟ್ಟುತ್ತಿತ್ತು; ಬೆರಳು ಮತ್ತು ರೆಪ್ಪೆಗಳು ಸೆಡೆತುಹೋಗುತ್ತಿದ್ದವು. ನ್ಯೂಜಿಲೆಂಡ್ ಮೂಲದ ಶಸ್ತ್ರವೈದ್ಯ ಆರ್ಚಿಬಾಲ್ಡ್ ಮ್ಯಾಕಿಂಡೋ, ಸಮುದ್ರಕ್ಕೆ ಬಿದ್ದ ವೈಮಾನಿಕರ ಗಾಯಗಳು ಉತ್ತಮವಾಗಿ ಮಾಯುವುದನ್ನು ಗಮನಿಸಿ, ಉಪ್ಪುನೀರಿನ ಸ್ನಾನವನ್ನು ಬಳಕೆಗೆ ತಂದನು. ಈಸ್ಟ್ ಗ್ರಿನ್‌ಸ್ಟೆಡ್‌ನ ಕ್ವೀನ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಅವನು ಹಿಲರಿಗೆ ಹೊಸ ರೆಪ್ಪೆಗಳನ್ನೂ ಮೇಲ್ದುಟಿಯನ್ನೂ ಕಸಿಮಾಡಿದನು. ಅಲ್ಲಿ ಚಿಕಿತ್ಸೆ ಪಡೆದ ವೈಮಾನಿಕರು 1941ರಲ್ಲಿ ಗಿನಿ ಪಿಗ್ ಕ್ಲಬ್ ಎಂಬ ಸಂಘವನ್ನು ಕಟ್ಟಿಕೊಂಡರು. ಯುದ್ಧ ಮುಗಿಯುವ ವೇಳೆಗೆ ಅದರಲ್ಲಿ 649 ಸದಸ್ಯರಿದ್ದರು.

ಗೆಳೆಯ ಪೀಟರ್ ಪೀಸ್ 1940ರ ಸೆಪ್ಟೆಂಬರ್ 15ರಂದು ಕಾಳಗದಲ್ಲಿ ಮಡಿದದ್ದು ಹಿಲರಿ ಹಾಸಿಗೆಯಲ್ಲಿದ್ದಾಗ. ಅರಿವಳಿಕೆಯ ಮಂಪರಿನಲ್ಲಿ ಆ ಸಾವನ್ನು ತಾನು ಕಂಡಂತೆ ಅವನು ವಿವರಿಸುತ್ತಾನೆ. ಧರ್ಮಶ್ರದ್ಧೆಯುಳ್ಳ ಪೀಸ್ ಮತ್ತು ತನಗಾಗಿ ಮಾತ್ರ ಬದುಕುವೆನೆನ್ನುವ ಹಿಲರಿಯ ನಡುವಣ ವಾದವೇ ಕೃತಿಯ ವೈಚಾರಿಕ ತಿರುಳು.

ರಚನೆ ಮತ್ತು ಸ್ವೀಕಾರ

1941ರಲ್ಲಿ ಬ್ರಿಟನ್ನಿನ ಪರವಾಗಿ ಪ್ರಚಾರ ಮಾಡಲು ಹಿಲರಿಯನ್ನು ಅಮೆರಿಕಕ್ಕೆ ಕಳುಹಿಸಲಾಯಿತು. ಆದರೆ ಅವನ ಸುಟ್ಟ ಮುಖವನ್ನು ಕಂಡರೆ ಅಮೆರಿಕದ ತಾಯಂದಿರು ಯುದ್ಧಕ್ಕೆ ಅಂಜಬಹುದೆಂದು ಅಧಿಕಾರಿಗಳು ಹಿಂಜರಿದರು. ಅವನ ಮಾತು ಮುಖ್ಯವಾಗಿ ಬಾನುಲಿಗೆ ಸೀಮಿತವಾಯಿತು. ಆ ಅವಧಿಯಲ್ಲಿ ಅವನು ಕೃತಿಯ ಬರವಣಿಗೆಯಲ್ಲಿ ತೊಡಗಿದನು.

ಲಂಡನ್ನಿನ ಬಾಂಬ್ ದಾಳಿಯಲ್ಲಿ ಅವಶೇಷಗಳಡಿ ಸಿಲುಕಿದ ತಾಯಿಯೊಬ್ಬಳನ್ನು ಹೊರತೆಗೆಯುವ ದೃಶ್ಯದೊಂದಿಗೆ ಕೃತಿ ಕೊನೆಯ ತಿರುವು ಪಡೆಯುತ್ತದೆ. ಮಡಿದ ಗೆಳೆಯರಿಗೆ ತಾನು ಋಣಿ ಎಂಬ ಅರಿವು ಅಲ್ಲಿ ಅವನಿಗೆ ಮೂಡುತ್ತದೆ. ಈ ದೃಶ್ಯ ನಡೆದಂತೆಯೇ ಬರೆದದ್ದೋ ಕಲ್ಪಿತವೋ ಎಂಬ ಬಗ್ಗೆ ವಿಮರ್ಶಕರಲ್ಲಿ ಸಂದೇಹವಿದೆ. ಹಾಗಾಗಿ ಕೃತಿಯನ್ನು ಕೇವಲ ದಾಖಲೆಯಾಗಿ ಓದದೆ, ನೆನಪು ಅರ್ಥವನ್ನು ಹುಡುಕುವ ಬಗೆಯಾಗಿಯೂ ಓದಲಾಗುತ್ತದೆ.

ಮರಣ

ಪುಸ್ತಕ ಯಶಸ್ವಿಯಾದರೂ ಹಿಲರಿ ನೆಲದ ಮೇಲೆ ಉಳಿಯಲಿಲ್ಲ. ಊಟದ ಮೇಜಿನಲ್ಲಿ ಚಾಕು ಹಿಡಿಯಲೂ ಕಷ್ಟಪಡುತ್ತಿದ್ದ ಅವನು ಹಾರಾಟಕ್ಕೆ ಮರಳಲು ಅನುಮತಿ ಪಡೆದು, ರಾತ್ರಿ ಕಾಳಗದ ತರಬೇತಿಗಾಗಿ ಸ್ಕಾಟ್ಲೆಂಡಿನ ಚಾರ್ಟರ್‌ಹಾಲ್ ನೆಲೆಯನ್ನು ಸೇರಿದನು. 1943ರ ಜನವರಿ 8ರಂದು ರಾತ್ರಿ ಅವನ ಬ್ಲೆನ್‌ಹೈಮ್ ವಿಮಾನ ನೆಲಕ್ಕಪ್ಪಳಿಸಿತು. ಅವನೊಂದಿಗೆ ಸಹಚರ ವಿಲ್‌ಫ್ರೆಡ್ ಫೈಸನ್ ಕೂಡ ಮಡಿದನು. ಹಿಲರಿಗೆ ಆಗ 23 ವರ್ಷ. ಅವನ ಚಿತಾಭಸ್ಮವನ್ನು ವಿಮಾನದಿಂದ ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಚೆಲ್ಲಲಾಯಿತು.

ಲೇಖಕ ಆರ್ಥರ್ ಕೋಸ್ಲರ್ ಅದೇ ವರ್ಷ ಹಿಲರಿಯನ್ನು ಕುರಿತು ಪ್ರಬಂಧವೊಂದನ್ನು ಬರೆದು, ಒಬ್ಬ ಯುವಕನ ಬದುಕು ದಂತಕಥೆಯಾಗಿ ಮಾರ್ಪಡುವ ರೀತಿಯನ್ನು ಪರಿಶೀಲಿಸಿದನು. ಸೆಬಾಸ್ಟಿಯನ್ ಫಾಕ್ಸ್ 1996ರಲ್ಲಿ ಪ್ರಕಟಿಸಿದ ದಿ ಫೇಟಲ್ ಇಂಗ್ಲಿಷ್‌ಮನ್ ಕೃತಿಯಲ್ಲಿನ ಮೂರು ಜೀವನಚಿತ್ರಗಳಲ್ಲಿ ಹಿಲರಿಯದೂ ಒಂದು. ಎರಿಕ್ ಕೆನಿಂಗ್ಟನ್ 1942ರಲ್ಲಿ ರಚಿಸಿದ ಅವನ ಭಾವಚಿತ್ರ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ.