ಹಳ್ಳದ ಹುಳದ ಸಾಕ್ಷಿ

ಬೋರಿ ನದಿಗೆ ಸೇರುವ ಯಾವ ಹಳ್ಳಕ್ಕಾದರೂ ಇಳಿದು ಒಂದು ಕಲ್ಲು ಎತ್ತಿ ನೋಡಿರಿ. ಅಡಿಯಲ್ಲಿ ಸಣ್ಣ ಹುಳ ಇರತಾವ. ಮರಳಿನ ಹರಳು ಅಂಟಿಸಿ ಕೊಳವಿಯಂಥ ಮನಿ ಕಟ್ಟಿಕೊಂಡದ್ದು ಒಂದು, ಬಾಲಕ್ಕೆ ಮೂರು ಎಳೆ ಇದ್ದದ್ದು ಇನ್ನೊಂದು. ನಮ್ಮ ಮನಿಯ ತೆಲುಗಿನಲ್ಲಿ ತೂನೀಗ ಅನ್ನುವ ಏರೋಪ್ಲೇನ್ ಚಿಟ್ಟಿಯೂ ರೆಕ್ಕೆ ಬರುವ ಮುಂಚೆ ನೀರಿನ ಹುಳವೇ. ಅಕ್ಕಲಕೋಟ ಕಡೆಯ ರೈತರು ನಾವು ದನ ನೀರಿಗಿಳಿಸುವಾಗ ಇವನ್ನು ತುಳಿದು ಹೋಗುತ್ತೇವೆ, ಲೆಕ್ಕಕ್ಕೆ ಹಿಡಿಯುವುದಿಲ್ಲ.

ಲೆಕ್ಕಕ್ಕೆ ಹಿಡಿದವರು ದೂರದ ವೇಲ್ಸ್ ನಾಡಿನವರು. ಅಲ್ಲಿಯ ಲಿನ್ ಬ್ರಿಯಾನ್ ಜಲಾಶಯದ ಸುತ್ತಲಿನ ಹಳ್ಳಗಳನ್ನು 1981ರಿಂದ ದಶಕಗಟ್ಟಲೆ ನೋಡುತ್ತ ಬಂದರು. ಕಲ್ಲಿದ್ದಲ ಹೊಗೆಯ ಗಂಧಕ ಮಳೆಯಲ್ಲಿ ಕೂಡಿ ಅಲ್ಲಿಯ ನೀರು ಹುಳಿಯಾಗಿತ್ತು. ಈ ಹುಳಿಯನ್ನು ಪಿಎಚ್ ಎಂಬ ಅಂಕಿಯಿಂದ ಅಳೆಯುತ್ತಾರೆ. 7 ಅಂದರೆ ಸಮ. ಅದರ ಕೆಳಗೆ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು. ಹುಳಿ ನೀರು ಮಣ್ಣಿನೊಳಗಿನ ಅಲ್ಯೂಮಿನಿಯಂ ಕರಗಿಸಿ ತರುತ್ತದೆ, ಹುಳದ ಮೈಯೊಳಗಿನ ಉಪ್ಪು ಸೋರಿ ಹೋಗುತ್ತದೆ. ಮೂರೆಳೆ ಬಾಲದ ಹುಳಗಳಲ್ಲಿ ಬಹಳಷ್ಟು ಮೊದಲೇ ಕಾಣೆಯಾಗುತ್ತವೆ. ಗಟ್ಟಿ ಜಾತಿಯವು ಮಾತ್ರ ಉಳಿಯುತ್ತವೆ.

1987-88ರಲ್ಲಿ ಅಲ್ಲಿ ಕೆಲವು ಹಳ್ಳಗಳ ನೆಲಕ್ಕೆ ಸುಣ್ಣ ಹಾಕಿದರು. ಮುಂದೆ ಹೊಗೆಯೂ ಕಡಿಮೆಯಾಯಿತು. ನೀರು ಸುಧಾರಿಸಿತು, ಆದರೆ ಹುಳ ಎಣಿಸಿದಷ್ಟು ಮರಳಲಿಲ್ಲ. ಜೋರು ಮಳೆ ಹೊಡೆದಾಗ ಹುಳಿ ಮತ್ತೆ ಏರುವುದು ಇದಕ್ಕೆ ಒಂದು ಕಾರಣ. ವರ್ಷದ ಸರಾಸರಿ ಚಲೋ ಇದ್ದರೇನು, ನಾಕು ದಿನದ ಕೆಟ್ಟ ನೀರು ಹುಳಕ್ಕೆ ಸಾಕು.

ನಮ್ಮಲ್ಲಿ ಹಾಗಿಲ್ಲ. ಸೊಲ್ಲಾಪುರ ಜಿಲ್ಲೆಯದು ಕರಿಕಲ್ಲಿನ ನೆಲ, ಎರಿ ಭೂಮಿ. ಅಗೆದರೆ ಸುಣ್ಣದ ಹರಳು. ಬಿದ್ದ ಹುಳಿಯನ್ನು ಅದು ನುಂಗುತ್ತದೆ. ನಮ್ಮ ರೋಗ ಸವಳು. ಹಾಗಂತ ನಿಶ್ಚಿಂತಿ ಇರಬಾರದು. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಕೊಳಚೆಯ ಪಿಎಚ್ ಸುಮಾರು 4. ಶುದ್ಧ ಮಾಡದೆ ಅದನ್ನು ಎಲ್ಲಿ ಬಿಟ್ಟರೂ ಸುಣ್ಣ ಎಷ್ಟಂತ ತಡೆದೀತು? ನೀರಿನೊಳಗಿನ ಪ್ರಾಣವಾಯುವನ್ನೂ ಅದು ತಿಂದು ಹಾಕುತ್ತದೆ.

ಬರೇ ಬೇರೆಯವರನ್ನು ಬೈದರೆ ಆಗದು. ತೊಗರಿಗೆ ಎಣ್ಣಿ ಹೊಡೆದ ಪಂಪು ನಾನೂ ಹಳ್ಳದಲ್ಲಿ ತೊಳೆದವನೇ. ಮರುದಿನ ಕಲ್ಲೆತ್ತಿದರೆ ಒಂದು ಹುಳವೂ ಅಲುಗಲಿಲ್ಲ. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿತ್ತು. ಆವತ್ತು ನಾಚಿಕೆ ಬಂತು. ಈಗ ಪಂಪನ್ನು ಹೊಲದ ಬದುವಿನಲ್ಲೇ ತೊಳೆಯುತ್ತೇನೆ.

ಬಾಟಲಿಯಲ್ಲಿ ತುಂಬಿ ಒಯ್ದ ನೀರು ಆ ಹೊತ್ತಿನ ಮಾತು ಹೇಳುತ್ತದೆ. ತಿಂಗಳುಗಟ್ಟಲೆ ನೀರಿನಲ್ಲೇ ಬೆಳೆದ ಹುಳ ಅಷ್ಟೂ ತಿಂಗಳ ಮಾತು ಹೇಳುತ್ತದೆ. ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಶಾಲಿ ಹುಡುಗರು ಅದೇ ಜಾಗದಲ್ಲಿ ಹತ್ತು ಕಲ್ಲು ಎತ್ತಿ, ಎಷ್ಟು ತರದ ಹುಳ ಕಂಡವು ಅಂತ ವಹಿಯಲ್ಲಿ ಬರೆದಿಟ್ಟು, ಕಲ್ಲನ್ನು ಮೆಲ್ಲಗೆ ಇದ್ದಲ್ಲೇ ಇಡಲಿ. ಹತ್ತು ವರ್ಷದ ವಹಿ ನಮ್ಮ ಹಳ್ಳದ ಜಾತಕ ಆದೀತು.