ಬಾಲಿಕೆಯರಲ್ಲಿ ಕೀಳರಿಮೆ: ಅದರ ಹುಟ್ಟೂ ಫಲವೂ ಪರಿಹಾರವೂ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಬಹುಮಾನ ಪಡೆದವರ ಹೆಸರುಗಳೂ, ಪರೀಕ್ಷೆಯಲ್ಲಿ ಮೇಲಿನ ದರ್ಜೆಯಿಂದ ತೇರ್ಗಡೆಯಾದವರ ಹೆಸರುಗಳೂ ಅಚ್ಚಾಗುವುದು ವಾಡಿಕೆ. ಅದು ಯುಕ್ತವೇ ಸರಿ. ಆದರೆ ಪ್ರತಿಯೊಂದು ತರಗತಿಯಲ್ಲಿಯೂ ಯಾವ ಪಟ್ಟಿಯಲ್ಲಿಯೂ ಕಾಣಿಸಿಕೊಳ್ಳದ ಕೆಲವು ಬಾಲಿಕೆಯರು ಇರುತ್ತಾರೆ. ಉತ್ತರ ಗೊತ್ತಿದ್ದರೂ ಅವರು ಕೈಯೆತ್ತುವುದಿಲ್ಲ; ಲೆಕ್ಕವನ್ನು ಸರಿಯಾಗಿ ಮಾಡಿದ್ದರೂ ಪಕ್ಕದವಳ ಪುಸ್ತಕವನ್ನು ನೋಡಿ ಅಳಿಸಿ ಬರೆಯುತ್ತಾರೆ; ಯಾವ ಕೆಲಸಕ್ಕೆ ಕರೆದರೂ "ನನಗೆ ಬರುವುದಿಲ್ಲ, ಟೀಚರ್" ಎಂಬ ಮಾತೇ ಮೊದಲು ಬರುತ್ತದೆ. ಇವರಲ್ಲಿ ಅನೇಕರು ಬುದ್ಧಿಯಲ್ಲಿ ಕಡಿಮೆಯಾದವರಲ್ಲ. ತಮ್ಮನ್ನು ಕುರಿತು ತಾವೇ ಮಾಡಿಕೊಂಡಿರುವ ಅಂದಾಜು ಮಾತ್ರ ಕಡಿಮೆಯಾದದ್ದು. ಈ ಕೊರತೆಯನ್ನು ಕೀಳರಿಮೆಯೆಂದೂ, ಅದಕ್ಕೆ ಪ್ರತಿಯಾದ ಗುಣವನ್ನು ಆತ್ಮಗೌರವವೆಂದೂ ಕರೆಯುತ್ತೇವೆ. ಇದು ಎಲ್ಲಿಂದ ಬರುತ್ತದೆ, ಏನು ಮಾಡುತ್ತದೆ, ಮನೆಯೂ ಶಾಲೆಯೂ ಕೂಡಿ ಇದನ್ನು ಹೇಗೆ ನೀಗಬಹುದು ಎಂಬುದನ್ನು ಹೆತ್ತವರ ಮತ್ತು ನಮ್ಮ ಪೂರ್ವ ವಿದ್ಯಾರ್ಥಿನಿಯರ ಮುಂದೆ ಇಡಬಯಸುತ್ತೇವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅವಶ್ಯ. ತಲೆತಗ್ಗಿಸಿ ನಡೆಯುವ, ಎದುರು ಮಾತಾಡದ ಹುಡುಗಿಯನ್ನು ಕಂಡು "ಎಷ್ಟು ವಿನಯವುಳ್ಳವಳು!" ಎಂದು ಮೆಚ್ಚುವವರುಂಟು. ವಿನಯವೂ ಕೀಳರಿಮೆಯೂ ಹೊರನೋಟಕ್ಕೆ ಒಂದೇ ತೆರನಾಗಿ ಕಂಡರೂ ಒಳಗೆ ಬೇರೆ ಬೇರೆ. ವಿನಯವುಳ್ಳವಳು ತನ್ನ ಶಕ್ತಿಯನ್ನು ಬಲ್ಲಳು, ಆದರೆ ಅದನ್ನು ಮೆರೆಸಳು. ತಪ್ಪಾದರೆ ಒಪ್ಪಿಕೊಂಡು ತಿದ್ದಿಕೊಳ್ಳುವಳು. ಕೀಳರಿಮೆಯುಳ್ಳವಳು ತನ್ನಲ್ಲಿ ಶಕ್ತಿಯೇ ಇಲ್ಲವೆಂದು ನಂಬಿರುವಳು. ತಪ್ಪಾದರೆ ಮುಚ್ಚಿಡುವಳು, ಯಾಕಂದರೆ ಆ ಒಂದು ತಪ್ಪು ತನ್ನ ಹೀನತೆಗೆ ಸಾಕ್ಷಿಯೆಂದು ಅವಳು ಭಾವಿಸುತ್ತಾಳೆ. ವಿನಯವು ಬಲದ ಗುರುತು, ಕೀಳರಿಮೆಯು ಭಯದ ಗುರುತು.

ಈ ವಿಷಯವನ್ನು ವಿದ್ವಾಂಸರು ಬಹುಕಾಲದಿಂದ ವಿಚಾರಿಸುತ್ತ ಬಂದಿದ್ದಾರೆ. ಅಮೇರಿಕದ ಮನಶ್ಶಾಸ್ತ್ರಜ್ಞರಾದ ವಿಲಿಯಂ ಜೇಮ್ಸರು ೧೮೯೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆತ್ಮಗೌರವವನ್ನು ಒಂದು ಭಿನ್ನರಾಶಿಯಾಗಿ ತೋರಿಸಿಕೊಟ್ಟರು. ಮನುಷ್ಯನು ಸಾಧಿಸಿದ್ದು ಮೇಲಿನ ಅಂಶ. ಸಾಧಿಸಬೇಕೆಂದು ಬಯಸಿದ್ದು ಕೆಳಗಿನ ಛೇದ. ಎಪ್ಪತ್ತು ಅಂಕಗಳನ್ನು ಪಡೆದ ಇಬ್ಬರು ಹುಡುಗಿಯರಲ್ಲಿ ಅರುವತ್ತನ್ನು ಬಯಸಿದವಳು ನಗುತ್ತ ಮನೆಗೆ ಹೋಗುತ್ತಾಳೆ, ತೊಂಬತ್ತೈದನ್ನು ಬಯಸಿದವಳು ಅಳುತ್ತ ಹೋಗುತ್ತಾಳೆ. ಇಲ್ಲಿ ಹೆತ್ತವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದುಂಟು: ಮಗುವಿನ ಲೆಕ್ಕದಲ್ಲಿ ಆ ಛೇದವನ್ನು ಬರೆದವರು ಯಾರು? ಅವಳೋ, ನೆರೆಮನೆಯವರೋ, ನಾವೋ?

ವಿಯೆನ್ನಾದ ವೈದ್ಯರಾದ ಆಲ್ಫ್ರೆಡ್ ಆಡ್ಲರರು (೧೮೭೦–೧೯೩೭) ಬಾಲ್ಯದಲ್ಲಿ ಎಲುಬಿನ ರೋಗದಿಂದ ನರಳಿದವರು. ದೊಡ್ಡವರ ನಡುವೆ ಬೆಳೆಯುವ ಪ್ರತಿಯೊಂದು ಮಗುವಿಗೂ ತಾನು ಚಿಕ್ಕವನು, ಅಶಕ್ತನು ಎಂಬ ಭಾವನೆ ಸಹಜವಾಗಿಯೇ ಇರುವುದೆಂದೂ, ಕಲಿಯಬೇಕು ಬೆಳೆಯಬೇಕು ಎಂಬ ಆಸೆ ಅದರಿಂದಲೇ ಹುಟ್ಟುವುದೆಂದೂ ಅವರು ಬೋಧಿಸಿದರು. ಧೈರ್ಯಗೆಟ್ಟಾಗ ಮಾತ್ರ ಆ ಭಾವನೆಯು ಕೇಡಾಗುತ್ತದೆ. ಶರೀರದ ಊನ, ತಾತ್ಸಾರ ಇವುಗಳಂತೆಯೇ ಅತಿಮುದ್ದೂ ಮಗುವನ್ನು ಧೈರ್ಯಗೆಡಿಸಬಲ್ಲದೆಂದು ಅವರು ಎಚ್ಚರಿಸಿದ್ದಾರೆ. ಎಲ್ಲವನ್ನೂ ತಾಯಿಯೇ ಮಾಡಿಕೊಟ್ಟರೆ "ನಿನ್ನಿಂದ ಆಗದು" ಎಂದು ಬಾಯಿಬಿಟ್ಟು ಹೇಳದೆಯೇ ಹೇಳಿದಂತಾಯಿತು.

ಇನ್ನು ಕಾರಣಗಳನ್ನು ನೋಡೋಣ. ಮೊದಲನೆಯದು ಮನೆಯ ಮಾತು. ಗಂಡುಮಗುವನ್ನು ಬಯಸಿದ ಮನೆಯಲ್ಲಿ ಹೆಣ್ಣು ಹುಟ್ಟಿದರೆ ಮಹಾರಾಷ್ಟ್ರದ ಕೆಲವು ಕಡೆಗಳಲ್ಲಿ ಅವಳಿಗೆ "ನಕುಶಾ", ಅಂದರೆ ಬೇಡವಾದವಳು, ಎಂದು ಹೆಸರಿಡುವ ಪದ್ಧತಿಯಿತ್ತು. ೨೦೧೧ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯ ಅಧಿಕಾರಿಗಳು ಇಂಥ ೨೫೦ಕ್ಕೂ ಮಿಕ್ಕ ಹುಡುಗಿಯರನ್ನು ಕೂಡಿಸಿ, ಅವರವರು ಮೆಚ್ಚಿದ ಹೊಸ ಹೆಸರುಗಳನ್ನು ಕೊಡಿಸಿದರು. ಹಾಜರಿ ಪುಸ್ತಕದಲ್ಲಿ ದಿನಕ್ಕೊಮ್ಮೆ "ಬೇಡವಾದವಳು" ಎಂದು ಕೂಗಿಸಿಕೊಂಡು "ಬಂದಿದ್ದೇನೆ" ಎಂದು ಉತ್ತರ ಕೊಟ್ಟ ಮಗುವಿನ ಮನಸ್ಸನ್ನು ವಾಚಕರು ಊಹಿಸಿಕೊಳ್ಳಲಿ. ನಾವು ಅಂಥ ಹೆಸರನ್ನು ಇಡುವುದಿಲ್ಲ, ನಿಜ. ಆದರೆ "ದಡ್ಡಿ", "ಕೈಲಾಗದವಳು", "ನಿನ್ನ ಹಣೆಬರಹವೇ ಇಷ್ಟು" ಎಂದು ದಿನದಿನವೂ ಕರೆದರೆ ಅದೂ ನಾಮಕರಣವೇ ಅಲ್ಲವೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಮಕ್ಕಳ ಮುಂದೆ ಮರೆಯಬಾರದು.

ಎರಡನೆಯದು ಹೋಲಿಕೆ. ಅಕ್ಕನೊಡನೆ, ಚಿಕ್ಕಪ್ಪನ ಮಗಳೊಡನೆ, ಪಕ್ಕದ ಮನೆಯ ಹುಡುಗಿಯೊಡನೆ ಹೋಲಿಸಿದರೆ ಛಲ ಹುಟ್ಟುವುದೆಂದು ಹಿರಿಯರ ಎಣಿಕೆ. ಹುಟ್ಟುವುದು ಹೆಚ್ಚಾಗಿ ಅಸೂಯೆ, ಇಲ್ಲವೆ ಹತಾಶೆ. ಈಗಿನ ಮಕ್ಕಳಿಗೆ ಹೋಲಿಕೆಯ ಬಾಧೆ ಮನೆಯೊಂದರಿಂದಲ್ಲ; ಮೊಬೈಲಿನ ಪರದೆಯಲ್ಲಿ ಇತರರ ಅತ್ಯಂತ ಸುಂದರ ಗಳಿಗೆಗಳನ್ನೇ ಕಂಡು, ತಮ್ಮ ಸಾಮಾನ್ಯ ದಿನವನ್ನು ಅದರ ಪಕ್ಕದಲ್ಲಿಟ್ಟು ಅವರು ಕುಗ್ಗುತ್ತಾರೆ.

ಮೂರನೆಯದು ಮೈಬಣ್ಣ ಮತ್ತು ರೂಪ. ಬಿಳುಪಾಗುವುದೇ ಬಾಳಿನ ಗೆಲುವೆಂದು ಜಾಹೀರಾತುಗಳು ಹಲವು ದಶಕಗಳ ಕಾಲ ಬೋಧಿಸಿದವು. ದೇಶದಲ್ಲೆಲ್ಲ ಪ್ರಸಿದ್ಧವಾದ ಒಂದು ಮುಖಲೇಪನವು ತನ್ನ ಹೆಸರಿನಿಂದ ಬಿಳುಪೆಂಬ ಅರ್ಥದ ಮಾತನ್ನು ತೆಗೆದುಹಾಕಿದ್ದು ೨೦೨೦ರಲ್ಲಿ. ಡಬ್ಬಿಯ ಮೇಲಿನ ಹೆಸರು ಬದಲಾಯಿತು; ಮದುವೆಯ ಮನೆಯ ಮಾತು ಇನ್ನೂ ಪೂರ್ತಿಯಾಗಿ ಬದಲಾಗಿಲ್ಲ.

ನಾಲ್ಕನೆಯದು ಸಮಾಜವು ಹಚ್ಚುವ ಗುರುತು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ವಿದುಷಿಯರು ಉತ್ತರ ಪ್ರದೇಶದ ಗ್ರಾಮಗಳಲ್ಲಿ ಆರನೆಯ ಮತ್ತು ಏಳನೆಯ ತರಗತಿಯ ಬಾಲಕರಿಗೆ, ಕಾಗದದ ಮೇಲೆ ಬರೆದ ಸುತ್ತುದಾರಿಗಳಿಂದ ಹೊರಬರುವ ಹಾದಿಯನ್ನು ಗುರುತಿಸುವ ಒಗಟುಗಳನ್ನು ಕೊಟ್ಟು ಪರೀಕ್ಷಿಸಿ, ೨೦೦೪ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಜಾತಿಯನ್ನು ಹೇಳದಿದ್ದಾಗ ಮೇಲುಜಾತಿಯ ಮಕ್ಕಳೂ ಕೆಳಜಾತಿಯೆನಿಸಿಕೊಂಡ ಮಕ್ಕಳೂ ಸರಿಸಮವಾಗಿ ಬಿಡಿಸಿದರು. ಎಲ್ಲರ ಮುಂದೆ ಹೆಸರಿನೊಡನೆ ಜಾತಿಯನ್ನೂ ಸಾರಿದಾಗ, ಕೆಳಜಾತಿಯ ಮಕ್ಕಳು ಬಿಡಿಸಿದ ಒಗಟುಗಳ ಸಂಖ್ಯೆ ಸ್ಪಷ್ಟವಾಗಿ ಕುಸಿಯಿತು. ಒಗಟು ಬದಲಾಗಿರಲಿಲ್ಲ, ಮಕ್ಕಳ ಬುದ್ಧಿಯೂ ಬದಲಾಗಿರಲಿಲ್ಲ. ಈ ಪರೀಕ್ಷೆ ನಡೆದದ್ದು ಬಾಲಕರ ಮೇಲಾದರೂ ಅದರ ಪಾಠ ನಮ್ಮೆಲ್ಲರಿಗೂ ಸಲ್ಲುವುದು. ಶುಲ್ಕ ಕೊಡಲಾರದವರನ್ನು ತರಗತಿಯಲ್ಲಿ ಎದ್ದುನಿಲ್ಲಿಸುವುದು, "ಹಿಂದುಳಿದವರ ಸಾಲು" ಎಂದು ಬೆಂಚುಗಳನ್ನು ಬೇರ್ಪಡಿಸುವುದು ಇವು ಶಾಲೆಯಲ್ಲಿ ಏಕೆ ನಡೆಯಬಾರದೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಇದರ ಫಲವೇನು? ಕೀಳರಿಮೆಯುಳ್ಳ ಬಾಲಿಕೆ ಸೋಲನ್ನು ತಪ್ಪಿಸಿಕೊಳ್ಳಲು ಪ್ರಯತ್ನವನ್ನೇ ತಪ್ಪಿಸಿಕೊಳ್ಳುತ್ತಾಳೆ. ಸಂದೇಹವನ್ನು ಕೇಳದ ಕಾರಣ ಪಾಠ ತಿಳಿಯದು. ಪಾಠ ತಿಳಿಯದ ಕಾರಣ ಅಂಕ ಬಾರದು. ಅಂಕ ಬಾರದ ಕಾರಣ ತಾನು ದಡ್ಡಿಯೆಂಬ ನಂಬಿಕೆ ಗಟ್ಟಿಯಾಗುವುದು. ಗಾಣದೆತ್ತಿನಂತೆ ಅವಳು ಇದೇ ಸುತ್ತಿನಲ್ಲಿ ತಿರುಗುತ್ತಾಳೆ. ಕೆಲವರು ಇದಕ್ಕೆ ವಿರುದ್ಧವಾಗಿ ಜಂಬವನ್ನೂ ಜಗಳವನ್ನೂ ಹೊದ್ದುಕೊಂಡು ಒಳಗಿನ ಅಂಜಿಕೆಯನ್ನು ಮರೆಮಾಡುವುದುಂಟು. ಇದರ ಕೇಡು ಶಾಲೆಯ ಗೇಟಿನಲ್ಲಿಯೇ ನಿಲ್ಲುವುದಿಲ್ಲ. ತನಗೆ ಬೆಲೆಯಿಲ್ಲವೆಂದು ನಂಬಿದವಳು ಓದನ್ನು ಬಿಡೆಂದರೆ ಬಿಡುತ್ತಾಳೆ. ಅನುಚಿತವಾಗಿ ನಡೆದುಕೊಳ್ಳುವವನಿಗೆ "ಬೇಡ" ಎಂದು ಹೇಳಲಾರಳು. ಹೊಡೆತವನ್ನು ಸಹ ತನಗೆ ತಕ್ಕದ್ದೆಂದು ಸಹಿಸುತ್ತಾಳೆ. ಮುಂದೆ ತಾಯಿಯಾದಾಗ ಅದೇ ಅಂಜಿಕೆಯನ್ನು ತನ್ನ ಮಗಳಿಗೆ ಬಳುವಳಿಯಾಗಿ ಕೊಡುತ್ತಾಳೆ.

ಇನ್ನು ಪರಿಹಾರ. ಹೊಗಳಿದರೆ ಸಾಕು, ಮಗು ಚಿಗುರೀತು ಎಂದು ಅನೇಕರು ತಿಳಿಯುತ್ತಾರೆ. ಅಮೇರಿಕದ ಕ್ಯಾಲಿಫೋರ್ನಿಯ ಸಂಸ್ಥಾನವು ೧೯೮೬ರಲ್ಲಿ ಆತ್ಮಗೌರವವನ್ನು ಬೆಳೆಸುವುದಕ್ಕೆಂದೇ ಒಂದು ಸಮಿತಿಯನ್ನು ನೇಮಿಸಿತು. ೧೯೯೦ರಲ್ಲಿ ಅದರ ವರದಿ ಹೊರಬಂದಿತು. ಆದರೆ ರಾಯ್ ಬೌಮೈಸ್ಟರರೂ ಅವರ ಸಂಗಡಿಗರೂ ಅದುವರೆಗಿನ ಸಂಶೋಧನೆಗಳನ್ನೆಲ್ಲ ತೂಗಿನೋಡಿ ೨೦೦೩ರಲ್ಲಿ ಬರೆದದ್ದೇನೆಂದರೆ: ಆತ್ಮಗೌರವವನ್ನು ಉಬ್ಬಿಸಿದ ಮಾತ್ರಕ್ಕೆ ವಿದ್ಯೆ ಹೆಚ್ಚುವುದಿಲ್ಲ, ಚೆನ್ನಾಗಿ ಕಲಿತು ಮಾಡಿದ್ದರಿಂದಲೇ ಆತ್ಮಗೌರವವು ಸ್ವಲ್ಪಮಟ್ಟಿಗೆ ಬೆಳೆಯುವುದು. ೨೦೧೪ರಲ್ಲಿ ನೆದರ್ಲ್ಯಾಂಡ್ಸಿನ ಎಡ್ಡಿ ಬ್ರುಮೆಲ್ಮನ್ನರು ಮತ್ತೊಂದು ಸಂಗತಿಯನ್ನು ತೋರಿಸಿದರು. ಕೀಳರಿಮೆಯುಳ್ಳ ಮಗುವಿನ ಚಿತ್ರವನ್ನು ಅತಿಶಯವಾಗಿ ಹೊಗಳಿದರೆ, ಆ ಮಗು ಮುಂದಿನ ಕಠಿಣವಾದ ಚಿತ್ರಕ್ಕೆ ಕೈಹಾಕಲು ಹಿಂಜರಿಯುತ್ತದೆ. ಆ ಎತ್ತರಕ್ಕೆ ಮತ್ತೊಮ್ಮೆ ಏರಲಾರೆನೆಂಬ ಭಯವೇ ಇದಕ್ಕೆ ಕಾರಣವೆಂದು ತೋರುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಮಗುವಿಗೆ ನಿಜವಾದ ಕೆಲಸವನ್ನು ನಂಬಿ ಒಪ್ಪಿಸಬೇಕು. ಮನಶ್ಶಾಸ್ತ್ರಜ್ಞರಾದ ಆಲ್ಬರ್ಟ್ ಬಂಡೂರಾರು ೧೯೭೭ರಲ್ಲಿ ವಿವರಿಸಿದಂತೆ, "ನನ್ನಿಂದ ಆಗುತ್ತದೆ" ಎಂಬ ನಂಬಿಕೆಗೆ ಎಲ್ಲಕ್ಕಿಂತ ಬಲವಾದ ಬೇರು ತಾನೇ ಮಾಡಿ ಗೆದ್ದ ಅನುಭವ. ಸಂತೆಗೆ ಕಳುಹಿಸಿ ಲೆಕ್ಕ ತರಹೇಳಿರಿ. ಬ್ಯಾಂಕಿನ ಚೀಟಿಯನ್ನು ಅವಳ ಕೈಯಲ್ಲಿಯೇ ತುಂಬಿಸಿರಿ. ಅಜ್ಜಿಯ ಔಷಧದ ಹೊತ್ತನ್ನು ನೋಡಿಕೊಳ್ಳುವ ಹೊಣೆಯನ್ನು ಕೊಡಿರಿ, ಮೊದಲ ಕೆಲವು ದಿನ ಜೊತೆಗಿದ್ದು ನೋಡಿರಿ. ತಪ್ಪಿದರೆ ಕೆಲಸವನ್ನು ಕಸಿದುಕೊಳ್ಳದೆ ಇನ್ನೊಮ್ಮೆ ಮಾಡಲು ಬಿಡಿರಿ. ಕೆಲಸವು ಅವಳ ಶಕ್ತಿಗಿಂತ ಒಂದು ಮೆಟ್ಟಿಲು ಮೇಲಿರಲಿ, ಹತ್ತು ಮೆಟ್ಟಿಲು ಬೇಡ.

ಎರಡನೆಯದಾಗಿ, ಮೆಚ್ಚುವುದಾದರೆ ಕೆಲಸವನ್ನು ಮೆಚ್ಚಿರಿ. ಕ್ಲಾಡಿಯಾ ಮುಲ್ಲರ್ ಮತ್ತು ಕೆರೊಲ್ ಡ್ವೆಕ್ ಎಂಬವರು ೧೯೯೮ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, "ನೀನು ಬುದ್ಧಿವಂತೆ" ಎಂದು ಹೊಗಳಿಸಿಕೊಂಡ ಮಕ್ಕಳು ಸುಲಭದ ಲೆಕ್ಕಗಳನ್ನೇ ಆರಿಸಿಕೊಂಡರು, ಸೋತಾಗ ಬೇಗನೆ ಎದೆಗುಂದಿದರು. "ಶ್ರಮಪಟ್ಟು ಮಾಡಿದೆ" ಎಂದು ಹೇಳಿಸಿಕೊಂಡವರು ಕಠಿಣವಾದವುಗಳನ್ನು ಆರಿಸಿಕೊಂಡರು. ಗದರಿಸುವಾಗಲೂ ಇದೇ ನಿಯಮ. "ಈ ಲೆಕ್ಕದಲ್ಲಿ ಮೂರನೆಯ ಸಾಲು ತಪ್ಪಿದೆ" ಎಂದರೆ ತಿದ್ದಿಕೊಳ್ಳಬಹುದು. "ನಿನಗೆ ಲೆಕ್ಕವೇ ಬಾರದು" ಎಂದರೆ ತಿದ್ದಿಕೊಳ್ಳಲು ಏನು ಉಳಿಯಿತು?

ಮೂರನೆಯದಾಗಿ, ತನ್ನಂಥವಳೊಬ್ಬಳು ಮೇಲೆ ಬಂದುದನ್ನು ಕಣ್ಣಾರೆ ಕಾಣಬೇಕು. ೧೯೯೩ರ ಸಂವಿಧಾನ ತಿದ್ದುಪಡಿಯ ಮೇರೆಗೆ ಗ್ರಾಮ ಪಂಚಾಯತಿಗಳ ಅಧ್ಯಕ್ಷ ಸ್ಥಾನಗಳಲ್ಲಿ ಮೂರನೆಯ ಒಂದು ಪಾಲು ಸ್ತ್ರೀಯರಿಗೆ ಮೀಸಲಾಯಿತು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಗ್ರಾಮಗಳಲ್ಲಿ ನಡೆದು ೨೦೧೨ರಲ್ಲಿ ಪ್ರಕಟವಾದ ಶೋಧನೆಯ ಪ್ರಕಾರ, ಎರಡು ಅವಧಿ ಸ್ತ್ರೀಯರೇ ಮುಖ್ಯಸ್ಥರಾಗಿದ್ದ ಕಡೆಗಳಲ್ಲಿ ಹೆತ್ತವರು ಹೆಣ್ಣುಮಕ್ಕಳ ವಿಷಯದಲ್ಲಿ ಇಟ್ಟುಕೊಂಡ ಆಶೆಯೂ, ಆ ಹುಡುಗಿಯರು ತಮ್ಮ ವಿಷಯದಲ್ಲಿ ಇಟ್ಟುಕೊಂಡ ಆಶೆಯೂ ಹೆಚ್ಚಿದ್ದವು. ಹುಡುಗ ಹುಡುಗಿಯರ ವಿದ್ಯಾಭ್ಯಾಸದ ನಡುವಣ ಅಂತರವು ಅಲ್ಲಿ ಅಳಿಸಿಹೋಗಿತ್ತು. ಯಾರೂ ಆ ಹುಡುಗಿಯರಿಗೆ ಉಪನ್ಯಾಸ ಮಾಡಿರಲಿಲ್ಲ. ಪಂಚಾಯತಿಯ ಕುರ್ಚಿಯಲ್ಲಿ ಒಬ್ಬ ಹೆಂಗಸು ಕುಳಿತಿದ್ದುದನ್ನು ಅವರು ನೋಡುತ್ತ ಬೆಳೆದಿದ್ದರು, ಅಷ್ಟೇ.

ನಾಲ್ಕನೆಯದಾಗಿ, ಬಾಲಿಕೆಯು ತಾನೇ ಮಾಡಬೇಕಾದ ಅಭ್ಯಾಸವೂ ಉಂಟು. ಇನ್ನೊಬ್ಬಳೊಡನೆ ಅಲ್ಲ, ಕಳೆದ ತಿಂಗಳಿನ ತನ್ನೊಡನೆ ತನ್ನನ್ನು ಹೋಲಿಸಿಕೊಳ್ಳಲಿ; ದಿನಕ್ಕೆ ಒಂದು ಪ್ರಶ್ನೆಯನ್ನಾದರೂ ತರಗತಿಯಲ್ಲಿ ಬಾಯಿಬಿಟ್ಟು ಕೇಳಲಿ; ಕೈಕೊಂಡ ಚಿಕ್ಕ ಕೆಲಸವನ್ನು ಕೊನೆಮುಟ್ಟಿಸಲಿ; ತನಗಿಂತ ಚಿಕ್ಕವಳೊಬ್ಬಳಿಗೆ ಪಾಠ ಹೇಳಿಕೊಡಲಿ. "ನನಗೆ ಬರುವುದಿಲ್ಲ" ಎನ್ನುವಲ್ಲಿ "ನನಗೆ ಇನ್ನೂ ಬಂದಿಲ್ಲ" ಎನ್ನಲು ಕಲಿಯಲಿ.

ಆದರೆ ಮಗು ವಾರಗಟ್ಟಲೆ ಊಟನಿದ್ರೆಗಳನ್ನು ಬಿಟ್ಟು ಮಂಕಾಗಿದ್ದರೆ, ಅಥವಾ ತಾನು ಬದುಕಿ ಏನು ಪ್ರಯೋಜನ ಎಂಬಂಥ ಮಾತನ್ನಾಡಿದರೆ, ಅದನ್ನು ಬರಿಯ ಕೀಳರಿಮೆಯೆಂದು ಎಣಿಸಿ ಕಾಯಬಾರದು. ಒಡನೆಯೇ ವೈದ್ಯರನ್ನು ಕಾಣಬೇಕು. ಭಾರತ ಸರಕಾರವು ೨೦೨೨ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಗೆ ೧೪೪೧೬ ಎಂಬ ಸಂಖ್ಯೆಯಲ್ಲಿ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಇದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ. ಜ್ವರಕ್ಕೆ ಮದ್ದು ಕೇಳಲು ನಾಚುವವರುಂಟೇ?

ಪ್ರಿಯ ಪೂರ್ವ ವಿದ್ಯಾರ್ಥಿನಿಯರೇ, ನೀವು ಇಂದು ದಾದಿಯರು, ಉಪಾಧ್ಯಾಯಿನಿಯರು, ಗುಮಾಸ್ತೆಯರು, ಗೃಹಿಣಿಯರು, ಅಂಗಡಿಯನ್ನು ನಡೆಸುವವರು ಆಗಿದ್ದೀರಿ. ವರ್ಷದಲ್ಲಿ ಒಂದು ಮಧ್ಯಾಹ್ನ ಶಾಲೆಗೆ ಬಂದು, ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತವರ ಸಂಗಡ ಮಾತಾಡಿರಿ. ಪಡೆದ ಪದಕವನ್ನು ಮಾತ್ರವಲ್ಲ, ನಪಾಸಾದ ಪರೀಕ್ಷೆಯನ್ನೂ, ಮತ್ತೆ ಕುಳಿತು ಬರೆದದ್ದನ್ನೂ ತಿಳಿಸಿರಿ. ಹೆತ್ತವರೇ, ಅಂಕಪಟ್ಟಿಗೆ ಸಹಿ ಹಾಕುವ ಸಂಜೆ ಮಗಳನ್ನು ಹತ್ತಿರ ಕುಳ್ಳಿರಿಸಿಕೊಂಡು "ಎಷ್ಟು ಬಂತು?" ಎಂದು ಕೇಳುವ ಮೊದಲು "ಯಾವುದು ಕಷ್ಟವಾಯಿತು?" ಎಂದು ಕೇಳಿರಿ, ಅವಳು ಹೇಳಿ ಮುಗಿಸುವ ತನಕ ಸುಮ್ಮನಿದ್ದು ಆಲಿಸಿರಿ. ಶಾಲೆಯಲ್ಲಿ ನಾವು ಮಾಡತಕ್ಕದ್ದನ್ನು ಮಾಡುತ್ತೇವೆ. ಮನೆಯ ಆ ಅರ್ಧಗಂಟೆಯನ್ನು ಕೊಡುವುದು ನಿಮ್ಮ ಕೈಯಲ್ಲಿದೆ.