ಮತವಿಲ್ಲದ ಕುರ್ಚಿಗೆ ಏನು ಬೆಲೆ?

ಸ್ವೀಡನ್ನಿನಲ್ಲಿ 290 ಸ್ಥಳೀಯಾಡಳಿತಗಳಿವೆ. ಶಿಶುವಿಹಾರ, ಶಾಲೆ, ವೃದ್ಧರ ಆರೈಕೆ ಎಲ್ಲ ಅವುಗಳ ಹೊಣೆ. ಇಂಥ ಕೆಲಸಗಳ ಬಗ್ಗೆ ಅಲ್ಪಸಂಖ್ಯಾತರ ಮಾತು ಕೇಳಲು, ಅವರ ಸಂಘಗಳು ಕಳಿಸಿದವರನ್ನು ಕೂರಿಸಿಕೊಳ್ಳುವ ಸಭೆಯೇ ಸಲಹಾ ಮಂಡಳಿ. ಸಂಬಳವಿಲ್ಲ, ಮತವೂ ಇಲ್ಲ. ವ್ಯಾಖ್ಯೆ ಇಷ್ಟೇ.

ಮೊದಲ ಎಡವು ಬರುವುದು ‘ಅಲ್ಪಸಂಖ್ಯಾತರು ಯಾರು’ ಎಂಬಲ್ಲಿ. ಸ್ವೀಡನ್ 2000ದಲ್ಲಿ ಐದು ಸಮುದಾಯಗಳನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಒಪ್ಪಿಕೊಂಡಿತು: ಯೆಹೂದಿಗಳು, ರೋಮಾ ಜನ, ಸಾಮಿ ಜನ, ಸ್ವೀಡನ್ನಿನ ಫಿನ್ನರು, ಉತ್ತರದ ಟೋರ್ನೆ ಕಣಿವೆಯವರು. ಈ ಐದು ಸಮುದಾಯಗಳ ಜೊತೆ ಸಮಾಲೋಚಿಸಬೇಕೆಂಬ ಕಾನೂನು 2010ರ ಜನವರಿ 1ರಿಂದ ಜಾರಿಯಲ್ಲಿದೆ. ಸೊಮಾಲಿಯಾದಿಂದಲೋ ಸಿರಿಯಾದಿಂದಲೋ ಬಂದವರು ಈ ಪಟ್ಟಿಯಲ್ಲಿಲ್ಲ. ಸ್ಟಾಕ್‌ಹೋಮಿನಲ್ಲಿ ನೆಲೆಸಿದ ನಮ್ಮ ಕನ್ನಡಿಗರೂ ಇಲ್ಲ. ಹಾಗೆಂದು ಅವರ ಕೈ ಖಾಲಿಯೇನಲ್ಲ. ಮೂರು ವರ್ಷ ನೆಲೆಸಿದ ವಿದೇಶಿಯರಿಗೆ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕನ್ನು ಸ್ವೀಡನ್ 1976ರಲ್ಲೇ ಕೊಟ್ಟಿತು. ಜರ್ಮನಿಯ ಎಷ್ಟೋ ನಗರಗಳು ವಿದೇಶಿಯರಿಗೆ ಮತ ಕೊಡದೆ, ಅದರ ಬದಲಿಗೆ ಸಲಹಾ ಮಂಡಳಿ ಕಟ್ಟಿಕೊಟ್ಟವು. ಎರಡರಲ್ಲಿ ಯಾವುದು ಮೇಲೆಂಬ ಜಗಳ ಬಲು ರುಚಿಯದು, ಇಲ್ಲಿ ಬಿಡೋಣ.

ಎರಡನೆಯ ಪ್ರಶ್ನೆ ಪ್ರತಿ ಸಲವೂ ಎದುರಾಗುತ್ತದೆ: ಮತವೇ ಇಲ್ಲದ ಮೇಲೆ ಸಲಹೆಗೆ ಏನು ಬೆಲೆ? ಇದಕ್ಕೆ ನನಗೆ ಅತಿ ಇಷ್ಟದ ಉದಾಹರಣೆ ವೃದ್ಧರದು. 1950ರಿಂದ 70ರವರೆಗೆ ಫಿನ್ಲೆಂಡಿನಿಂದ ಲಕ್ಷಾಂತರ ಜನ ಸ್ವೀಡನ್ನಿನ ಕಾರ್ಖಾನೆಗಳಿಗೆ ಬಂದರು. ಗೋಥೆನ್‌ಬರ್ಗಿನ ವೋಲ್ವೋದಲ್ಲಿ, ಬೂರೋಸಿನ ಬಟ್ಟೆ ಗಿರಣಿಗಳಲ್ಲಿ ದುಡಿದರು, ಸ್ವೀಡಿಷ್ ಕಲಿತರು, ಮುಪ್ಪಾದರು. ಮರೆವಿನ ಕಾಯಿಲೆ ಅಡರಿದಾಗ ಆಮೇಲೆ ಕಲಿತ ಭಾಷೆ ಮೊದಲು ಜಾರಿಹೋಗುವುದುಂಟು, ಉಳಿಯುವುದು ತಾಯ್ನುಡಿ. ಐವತ್ತು ವರ್ಷ ಸ್ವೀಡಿಷ್ ಆಡಿದ ಅಜ್ಜಿ, ನೋವು ಎಲ್ಲಿದೆ ಎಂದು ದಾದಿಗೆ ಹೇಳಲಾರದೆ ಕೂರುತ್ತಾಳೆ. ಕಚೇರಿಯ ಕಡತದಲ್ಲಿ ಆಕೆ ‘ಸ್ವೀಡಿಷ್ ಬಲ್ಲವಳು’. ಕಡತ ತಪ್ಪೆಂದು ಗೊತ್ತಿರುವುದು ಮಕ್ಕಳಿಗೆ, ಸಂಘದವರಿಗೆ. ಮಂಡಳಿ ಹೊತ್ತು ತರುವುದು ಇಂಥ ತಿಳಿವಳಿಕೆಯನ್ನು. ಮತದ ಎಣಿಕೆಯಲ್ಲಿ ಇದು ಎಂದೂ ಮೇಲೆ ಬರುತ್ತಿರಲಿಲ್ಲ.

ಆದರೆ ತಿಳಿವಳಿಕೆ ತಲುಪುವ ಹೊತ್ತು ಮುಖ್ಯ. ಆಯವ್ಯಯ ಪಾಸಾದ ಮೇಲೆ ಮಂಡಳಿಯನ್ನು ಕರೆಯುವುದು, ಲಗ್ನಪತ್ರಿಕೆ ಅಚ್ಚಾದ ಮೇಲೆ ಸೋದರಮಾವನ ಬಳಿ ಮುಹೂರ್ತ ಕೇಳಿದಂತೆ. ಕಾಫಿ, ಬನ್ನು, ಮಾಹಿತಿ, ಸಭೆ ಮುಗಿಯಿತು. ಇದಕ್ಕೇ 2010ರ ಆ ಕಾನೂನಿಗೆ 2019ರಲ್ಲಿ ಬಂದ ತಿದ್ದುಪಡಿ ಸಮಾಲೋಚನೆ ಎಂದರೇನೆಂದು ಕಾನೂನಿನಲ್ಲೇ ಬರೆಯಿತು: ಅದು ಕ್ರಮಬದ್ಧ ಸಂವಾದವಾಗಿರಬೇಕು, ಅದರಲ್ಲಿ ಬಂದ ಅಭಿಪ್ರಾಯವನ್ನು ತೀರ್ಮಾನ ಮಾಡುವಾಗ ಗಣನೆಗೆ ತರಲು ಸಾಧ್ಯವಾಗಬೇಕು. ಅಂದರೆ ತೀರ್ಮಾನಕ್ಕೆ ಮುಂಚೆಯೇ ಕರೆಯಬೇಕು. ಫಿನ್ನಿಷ್, ಟೋರ್ನೆ ಕಣಿವೆಯವರ ಮೆಯಾನ್‌ಕಿಯೆಲಿ, ಸಾಮಿ ಭಾಷೆಗಳಿಗೆ ಗೊತ್ತುಮಾಡಿದ ಆಡಳಿತ ಪ್ರದೇಶಗಳಲ್ಲಿ ವೃದ್ಧರ ಆರೈಕೆ ಆ ಭಾಷೆಯಲ್ಲಿ ಪೂರ್ತಿಯಾಗಿ, ಇಲ್ಲವೇ ಗಣನೀಯ ಪಾಲಿನಲ್ಲಿ ಸಿಗಬೇಕೆಂದೂ ಅದೇ ತಿದ್ದುಪಡಿ ಬಿಗಿಮಾಡಿತು. ಮೊದಲಿದ್ದ ‘ಒಂದಿಷ್ಟು ಭಾಗ’ದ ಸಡಿಲಿಕೆಯಲ್ಲಿ, ವಾರಕ್ಕೊಮ್ಮೆ ಫಿನ್ನಿಷ್ ಹಾಡು ಕೇಳಿಸಿ ಕೈತೊಳೆದುಕೊಳ್ಳಲು ದಾರಿಯಿತ್ತು.

ಸಾಮಿ ಜನರ ಮೆಟ್ಟಿಲು ಇನ್ನೂ ಎತ್ತರದ್ದು. ಅವರಿಗೆ 1993ರಿಂದ ಸ್ವಂತ ಚುನಾಯಿತ ಸಂಸತ್ತಿದೆ. 2022ರ ಮಾರ್ಚಿನಿಂದ ಜಾರಿಗೆ ಬಂದ ಬೇರೊಂದು ಕಾನೂನಿನಂತೆ ಸರ್ಕಾರ ಅವರೊಡನೆ ಮಾತುಕತೆಯನ್ನು ಒಮ್ಮತ ಮೂಡುವವರೆಗೆ, ಇಲ್ಲವೇ ಒಮ್ಮತ ಅಸಾಧ್ಯವೆಂದು ಒಂದು ಪಕ್ಷ ಹೇಳುವವರೆಗೆ ಮುಂದುವರಿಸಬೇಕು. ಹಾಗಿದ್ದರೂ ಕೊನೆಯ ಮಾತು ಸರ್ಕಾರದ್ದೇ. ‘ಕೇಳಿದೆವು, ಒಪ್ಪಲಿಲ್ಲ’ ಎಂಬುದು ಮಾತ್ರ ಬಚ್ಚಿಡಲಾಗದಂತೆ ದಾಖಲಾಗುತ್ತದೆ. ಇದು ಸಣ್ಣದೆನ್ನುವವರು ಕಚೇರಿಗಳನ್ನು ಹೊಕ್ಕಿಲ್ಲ.

ದಾಖಲೆಯ ಮಾತು ಬಂದದ್ದರಿಂದ ಇನ್ನೊಂದು ವಿಚಾರ. ಸರ್ಕಾರಿ ಕಾಗದವನ್ನು ಯಾರು ಬೇಕಾದರೂ ಕೇಳಿ ಓದಬಹುದೆಂಬ ನಿಯಮ ಸ್ವೀಡನ್ನಿನಲ್ಲಿ 1766ರದು. ಅದಕ್ಕಾಗಿ ಹೋರಾಡಿದವರಲ್ಲಿ ಮುಂದಿದ್ದ ಪಾದ್ರಿ ಆಂಡರ್ಸ್ ಚಿಡೆನಿಯಸ್, ಆಗ ಸ್ವೀಡನ್ ರಾಜ್ಯದ ಭಾಗವಾಗಿದ್ದ ಫಿನ್ಲೆಂಡಿನವನು! ಆ ನಿಯಮದಿಂದಾಗಿ ಸಲಹಾ ಮಂಡಳಿಯ ಸಭೆಗಳ ನಡಾವಳಿ ಎಲ್ಲರ ಕೈಗೂ ಎಟಕುತ್ತದೆ. ನಮ್ಮ ಕಡೆ ಕಾಸರಗೋಡಿನ ಕನ್ನಡಿಗರೂ ಅಲ್ಪಸಂಖ್ಯಾತರೇ: ಅಲ್ಲಿ ಕನ್ನಡದಲ್ಲೇ ಅರ್ಜಿ ಬರೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿತು. ಅದನ್ನು ಬಳಸಿ ನೋಡಿದ ಯಾರಾದರೂ ಸ್ವೀಡಿಷ್ ಕಲಿತು ಆ ನಡಾವಳಿಗಳನ್ನು ಓದಬೇಕು. ನೋಡಬೇಕಾದದ್ದು ಎರಡೇ: ಸಭೆಯ ದಿನಾಂಕ ಆಯವ್ಯಯಕ್ಕಿಂತ ಮುಂಚಿನದೇ, ಮತ್ತು ಕಳೆದ ಸಲ ಕೊಟ್ಟ ಸಲಹೆಗೆ ಈ ಸಲ ಉತ್ತರ ಬರೆದಿದೆಯೇ.